ಇಬ್ಬರ ಲೆಕ್ಕ ಕೂಡಬೇಕು

ಎಂಬತ್ತರ ದಶಕದಲ್ಲಿ ನಾನು ನಾಗಪುರದ ಒಂದು ಸರ್ವೆ ಕಚೇರಿಯಲ್ಲಿದ್ದೆ. ಅಳೆದು ತಂದ ಉದ್ದ ಮತ್ತು ಕೋನಗಳನ್ನು ಸೈನ್, ಕೊಸೈನ್ ಹಿಡಿದು ನಕ್ಷೆಯ ಬಿಂದುಗಳಾಗಿ ಮಾಡುವುದು ನನ್ನ ಕೆಲಸ. ಒಂದೇ ಅಳತೆಯನ್ನು ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಬೇಕು, ಉತ್ತರ ಸೆಂಟಿಮೀಟರಿನವರೆಗೂ ತಾಳೆಯಾಗಿ ಕೂಡಬೇಕು ಎಂಬುದು ಅಲ್ಲಿಯ ಕಟ್ಟಳೆ. ಕೂಡದಿದ್ದರೆ ಆ ಇಬ್ಬರೇ ಮತ್ತೆ ಅಳೆಯಲು ಹೋಗಬೇಕು.

ಲೆಕ್ಕದಲ್ಲಿ ನನ್ನ ಜೋಡಿ ವಿಜಾಪುರದ ಕಡೆಯ ಹಿರಿಯರೊಬ್ಬರು. ಇಬ್ಬರೂ ಸೈನ್ ಬೆಲೆಗಳನ್ನು ನಾಲ್ಕು ದಶಮಾಂಶಕ್ಕೆ ಅಚ್ಚು ಹಾಕಿದ ಕೋಷ್ಟಕದ ಪುಸ್ತಕ ನೋಡುತ್ತಿದ್ದಾಗ ತಂಟೆಯೇ ಇರಲಿಲ್ಲ. ಕ್ಯಾಲ್ಕ್ಯುಲೇಟರ್ ಬಂತು, ತಲೆನೋವೂ ಬಂತು. ಯಂತ್ರ ತೋರಿಸಿದ ಸೈನ್ ಬೆಲೆಯನ್ನು ಅವರು ಹಳೆಯ ರೂಢಿಯಂತೆ ನಾಲ್ಕು ದಶಮಾಂಶಕ್ಕೆ ನಿಲ್ಲಿಸಿ ಬರೆದುಕೊಂಡು, ಆಮೇಲೆ ಗುಣಿಸುವರು. ನಾನು ಬಂದ ಅಂಕಿಗಳನ್ನೆಲ್ಲ ಹಾಗೇ ಯಂತ್ರದಲ್ಲಿಟ್ಟು ಗುಣಿಸುತ್ತಿದ್ದೆ. ಅಳತೆಯ ಗಿಡ್ಡ ಗೆರೆಗಳಲ್ಲಿ ಇದರಿಂದ ಏನೂ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ನಾಗಪುರದ ಹತ್ತಿರದ ಕಾಮ್ಠಿ ಕಡೆಯ ಉದ್ದನೆಯ ಗೆರೆಗಳ ಕೆಲಸ ಬಂತು. ನಮ್ಮಿಬ್ಬರ ಉತ್ತರಕ್ಕೆ ಎರಡು ಸೆಂಟಿಮೀಟರ್ ವ್ಯತ್ಯಾಸ. ಕೂಡಲಿಲ್ಲವೆಂದರೆ ಕಟ್ಟಳೆಯಂತೆ ಮತ್ತೆ ಅಳೆಯಿರಿ, ಅಲ್ಲಿಯವರೆಗೆ ರಜೆ ಇಲ್ಲ ಎಂದರು ಲೆಕ್ಕಕ್ಕೆ ಸಹಿ ಹಾಕುವ ನಮ್ಮ ಸಾಹೇಬರು. ಆ ವಾರವೇ ಹುಬ್ಬಳ್ಳಿಯಲ್ಲಿ ಅವ್ವನ ಹೊಟ್ಟೆಯ ಆಪರೇಷನ್ ಇತ್ತು. ಮಂಜೂರಾಗಿದ್ದ ರಜೆ ನನ್ನ ಕೈ ತಪ್ಪುವುದರಲ್ಲಿತ್ತು.

ಅಳತೆ ಸರಿಯಿದೆ, ನಡುವೆ ಅಂಕಿ ಕತ್ತರಿಸಿದ್ದರಿಂದ ಹೀಗಾಗಿದೆ ಎಂದು ಸಾಹೇಬರ ಮುಂದೆಯೇ ಎರಡೂ ರೀತಿ ಮಾಡಿ ತೋರಿಸಿದೆ. ಪಕ್ಕದ ನಕ್ಷೆಗಳೆಲ್ಲ ಕೋಷ್ಟಕದಿಂದ ಆದವು, ಕೋಷ್ಟಕಕ್ಕೆ ಹೊಂದದ್ದಕ್ಕೆ ಸಹಿ ಮಾಡುವುದಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿ ಚಹಾ ತರಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಸರಿ ಇರುವುದನ್ನು ನಾನೇಕೆ ಬಿಡಬೇಕು?

ನನ್ನ ಜೋಡಿಯ ಹಿರಿಯರು ನನ್ನನ್ನು ಹೊರಗೆ ಕರೆದರು.

"ತಂಗೀ, ನಿನ್ನ ಲೆಕ್ಕಾನ ಬರೋಬರ್ ಐತಿ. ನನಗೂ ತಿಳೀತು. ಆದ್ರ ಸಾಹೇಬ್ರು ಒಪ್ಪೂದಿಲ್ಲ. ನಿನಗ ಈಗ ಲೆಕ್ಕ ಬೇಕೋ, ಅವ್ವ ಬೇಕೋ?"

ಮಧ್ಯಾಹ್ನವಿಡೀ ಕೂತು, ಹಲ್ಲು ಕಚ್ಚಿಕೊಂಡು, ಪ್ರತಿ ಸೈನನ್ನೂ ನಾಲ್ಕು ದಶಮಾಂಶಕ್ಕೆ ಇಳಿಸಿ ಮತ್ತೆ ಗುಣಿಸಿದೆ. ಇಬ್ಬರ ಉತ್ತರವೂ ಕೂಡಿತು, ಎರಡೂ ಅಷ್ಟಷ್ಟೇ ತಪ್ಪಾಗಿ. ಸಾಹೇಬರು ಖುಷಿಯಿಂದ ಸಹಿ ಹಾಕಿದರು. ಸಂಜೆ ನಾನು ರೈಲು ಹತ್ತಿದೆ, ಸಿಟ್ಟು ಇನ್ನೂ ಇಳಿದಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದಾಗ ಅವ್ವನನ್ನು ಆಪರೇಷನ್ನಿಗೆ ಒಳಗೆ ಒಯ್ಯುತ್ತಿದ್ದರು. ನನ್ನ ಕೈ ಹಿಡಿದುಕೊಂಡು, "ಬಂದೆಲ್ಲಾ, ಸಾಕು" ಎಂದಳು. ಆಮೇಲೆ ಅವಳಿಗೆ ಎಚ್ಚರವಾಗಲಿಲ್ಲ. ನನ್ನದೇ ಸರಿ ಎಂದು ಹಟ ಹಿಡಿದು ಕಾಮ್ಠಿಯ ಬಿಸಿಲಲ್ಲಿ ನಿಂತಿದ್ದರೆ, ಅವಳು ಕೊನೆಗೆ ನನ್ನ ದಾರಿ ಕಾಯುತ್ತ ಬಾಗಿಲ ಕಡೆ ನೋಡಿದ್ದನ್ನು ಆಸ್ಪತ್ರೆಯಲ್ಲಿದ್ದ ಅಕ್ಕನ ಬಾಯಿಂದ ಕೇಳಬೇಕಾಗುತ್ತಿತ್ತು.