ಅಕ್ಕೋರು ಹಾಕಿಸಿದ ರಾಶಿ

ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರ ಬಲಗೆನ್ನೆಯ ಮೇಲೆ ಯಾವಾಗಲೂ ಸೀಮೆಸುಣ್ಣದ ಮೂರು ಬೆರಳಿನ ಗುರುತು ಇರುತ್ತಿತ್ತು. ಪ್ರಶ್ನೆ ಕೇಳಿ, ನಾವು ಬಾಯಿ ಬಿಡುವವರೆಗೆ ಕೆನ್ನೆಗೆ ಕೈ ಹಚ್ಚಿ ಕಾಯುತ್ತಿದ್ದರಲ್ಲ, ಅದಕ್ಕೆ. ಸಂಜೆ ನಮ್ಮೂರು ಮಾಗಡಿಯಿಂದ ಲಕ್ಷ್ಮೇಶ್ವರದ ಬಸ್ಸು ಹತ್ತುವಾಗಲೂ ಗುರುತು ಹಾಗೇ ಇರುತ್ತಿತ್ತು. ಒರೆಸಿಕೊಳ್ಳಿರಿ ಎನ್ನುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಪ್ರಬಂಧವೆಂದರೆ ಗೈಡು ನೋಡಿ ಬಾಯಿಪಾಠ ಮಾಡುವುದು ಎಂದೇ ನಾವು ತಿಳಿದಿದ್ದೆವು. ಅಕ್ಕೋರು ಮಾತ್ರ, "ಇವತ್ತ ರಾಶಿ ಹಾಕೂಣು" ಎಂದು ಹಲಗೆಯ ನಡುವೆ ವಿಷಯ ಬರೆದು ನಮ್ಮ ಕಡೆ ತಿರುಗುತ್ತಿದ್ದರು. ತಲೆಗೆ ಹೊಳೆದದ್ದನ್ನೆಲ್ಲ ನಾವು ಕೂಗಬೇಕು; ಇಂಗ್ಲಿಷ್ ಬಾರದಿದ್ದರೆ ಕನ್ನಡವೂ ನಡೆಯುತ್ತಿತ್ತು. ಒಂದನ್ನೂ ಬೇಡವೆನ್ನದೆ ಬರೆಯುವರು. "ತಪ್ಪು ಒಪ್ಪು ಆಮ್ಯಾಲೆ. ಕಣದಾಗ ರಾಶಿ ಬೀಳೂ ಮೊದಲ ಯಾರರ ತೂರ್ತಾರೇನು?" ಹಲಗೆ ತುಂಬಿದ ಮೇಲೂ ಕೆನ್ನೆಗೆ ಕೈ ಹಚ್ಚಿ, "ಮತ್ತೇನರ ಐತೇನು?" ಎಂದು ಕಾಯುವರು. ಆಮೇಲೆ ಬೇಡವಾದದ್ದನ್ನು ಒರೆಸಿ, ಉಳಿದದ್ದನ್ನು ಪೋಣಿಸಿ ಬರೆಯಬೇಕು.

ನನಗೋ ತಲೆ ಗಿರ್ರೆನ್ನುತ್ತಿತ್ತು. ಯಾವುದು ಕಾಳು, ಯಾವುದು ಹೊಟ್ಟು ಎಂದು ತಿಳಿಯದೆ ಎಲ್ಲವನ್ನೂ ಉಳಿಸುತ್ತಿದ್ದೆ, ಇಲ್ಲವೇ ಎಲ್ಲವನ್ನೂ ಅಳಿಸುತ್ತಿದ್ದೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಾಪಾಸಾದೆ. "ಮತ್ತ ಹೋತಂದ್ರ ಸಾಲಿ ಮುಗೀತು ನೋಡವಾ" ಎಂದ ಅಪ್ಪ. ನಾಪಾಸಾದ ನಮ್ಮ ಮೂವರಿಗಾಗಿ ಅಕ್ಕೋರು ರಜೆಯಲ್ಲೂ ಲಕ್ಷ್ಮೇಶ್ವರದಿಂದ ಬಂದರು.

ಒಂದು ದಿನ ನಮ್ಮೂರ ಕೆರೆಯ ಹಕ್ಕಿಗಳ ರಾಶಿ. ಎಲ್ಲರೂ ಹೇಳಿ ಮುಗಿಸಿದ ಮೇಲೆ ನಾನು, "ಹಕ್ಕಿ ಬಂದ್ರ ನಮ್ಮಪ್ಪ ಬೈತಾನ್ರಿ, ಶೇಂಗಾ ತಿಂತಾವಂತ" ಎಂದುಬಿಟ್ಟೆ. ಉಳಿದಿಬ್ಬರು ನಕ್ಕರು. ಅಕ್ಕೋರು ಅದನ್ನೇ ಹಲಗೆಯ ನಡುವೆ ಬರೆದರು. "ಇದು ಖರೆ ನಿಂದು. ಗೈಡಿನ್ಯಾಗ ಸಿಗಂಗಿಲ್ಲ." ಆದರೆ ಗೈಡಿನಲ್ಲಿ ಹಕ್ಕಿಗಳು ನಮ್ಮ ಮಿತ್ರರು ಎಂದಿತ್ತು. ಅಪ್ಪನ ಬೈಗುಳಕ್ಕೆ ಅಂಕ ಕೊಡುತ್ತಾರೋ ಇಲ್ಲವೋ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಶಿರಹಟ್ಟಿಯ ಪರೀಕ್ಷಾ ಕೇಂದ್ರದಲ್ಲಿ ಹಕ್ಕಿಗಳ ಮೇಲೆಯೇ ಪ್ರಬಂಧ ಬಂತು. ಕೊನೆಯ ಪುಟದಲ್ಲಿ ರಾಶಿ ಹಾಕಿದೆ: ಅಪ್ಪ, ಶೇಂಗಾ, ಕೆಸರು, ರೆಕ್ಕೆಯ ಸಪ್ಪಳ. ನೋಡುತ್ತ ಕೂತೆ. ಎಲ್ಲಕ್ಕೂ ಅಡ್ಡಗೆರೆ ಎಳೆದು, ಗೈಡಿನ ಮಿತ್ರರನ್ನೇ ಬರೆದು ಬಂದೆ. ಪಾಸಾದೆ.

ಅಕ್ಕೋರು ನನ್ನ ಬಾಯಿಗೆ ಪೇಡೆ ಹಾಕಿದರು. ಮುಂದೆ ಪ್ರತಿ ವರ್ಷ ಹೊಸ ಮಕ್ಕಳ ಎದುರು ನನ್ನನ್ನು ನಿಲ್ಲಿಸಿ, "ಈಕಿ ರಾಶಿ ಹಾಕಿ ಪಾಸಾದಾಕಿ, ನೋಡ್ರಿ!" ಎನ್ನುತ್ತಿದ್ದರು. ನಾನು ನಗುತ್ತ ನಿಲ್ಲುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಅಪ್ಪನ ಬೈಗುಳ ಬರೆದಿದ್ದರೆ ಪಾಸಾಗುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಗದಗಿನ ಆಸ್ಪತ್ರೆಯೊಂದರ ಕಚೇರಿಯಲ್ಲಿ ಈಗ ದಿನವೂ ಇಂಗ್ಲಿಷ್ ಪತ್ರ ಬರೆಯುತ್ತೇನೆ. ಪ್ರತಿ ಪತ್ರಕ್ಕೂ ಮೊದಲು ರದ್ದಿ ಹಾಳೆಯ ಹಿಂದೆ ರಾಶಿ ಹಾಕುತ್ತೇನೆ. ಅದಿಲ್ಲದೆ ಒಂದು ಸಾಲೂ ಏಳುವುದಿಲ್ಲ. ಹಾಗಾದರೆ ಅಕ್ಕೋರು ಹೇಳುತ್ತಿದ್ದುದು ಸುಳ್ಳೋ, ಖರೆಯೋ?

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಲಕ್ಷ್ಮೇಶ್ವರಕ್ಕೆ ಹೋದೆ. ಮಣ್ಣಿಗೆ ಒಯ್ಯುವ ಮೊದಲು ಮುಖ ತೊಳೆದು ಕೂರಿಸಿದ್ದರು. ಕೆನ್ನೆಯ ಮೇಲೆ ಏನೂ ಇರಲಿಲ್ಲ. ಒಂದು ಕ್ಷಣ ಇವರು ಯಾರೋ ಬೇರೆ ಎನ್ನಿಸಿ ಗಲಿಬಿಲಿಯಾಯಿತು, ಆಮೇಲೆ ಅಳು ಬಂತು.

ಶಾಲೆಯವರು ಅಕ್ಕೋರ ಬಗ್ಗೆ ಬರೆದುಕೊಡು ಎಂದಿದ್ದಾರೆ. ರಾಶಿ ಹಾಕಿದ್ದೇನೆ: ಕೆನ್ನೆ, ಬಸ್ಸು, ಶೇಂಗಾ, ಪೇಡೆ. ಮೂಲೆಯಲ್ಲಿ ಗೈಡು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಎರಡು ಸಲವೂ ಮತ್ತೆ ಬರೆದೆ. ಕಾಳೋ ಹೊಟ್ಟೋ ತಿಳಿಯದು. ಅಕ್ಕೋರು ಕೆನ್ನೆಗೆ ಕೈ ಹಚ್ಚಿ ಕಾಯುತ್ತಿದ್ದಾರೆ.

"ಮತ್ತೇನರ ಐತೇನು?"

ಐತ್ರಿ ಅಕ್ಕೋರ. ನಾ ಅವತ್ತ ಗೈಡಿನ್ಯಾಗಿಂದ ಬರದಿದ್ನಿರಿ.