ರಾತ್ರಿ ಪಾಳಿಯ ಲಿಂಗಪೂಜೆ

ಉದಗೀರದ ಬೇಳೆ ಮಿಲ್ಲಿನಲ್ಲಿ ಶಿವರಾಯನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಒಂದು ವಾರ ಹಗಲು, ಮರುವಾರ ರಾತ್ರಿ. ಹೊಟ್ಟೆಗೆ ಮಾತ್ರ ಆ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ರಾತ್ರಿ ಡಬ್ಬಿ ಬಿಚ್ಚಿದರೆ ರೊಟ್ಟಿ ಗಂಟಲಲ್ಲಿ ಇಳಿಯದು, ಹಗಲು ಮಲಗಿದರೆ ಕಣ್ಣು ಮುಚ್ಚದು. ಹೀಗೆ ವರ್ಷಗಟ್ಟಲೆ ಮೈಯನ್ನು ಗೋಳು ಹೊಯ್ದುಕೊಂಡವನಿಗೆ ಸಕ್ಕರೆ ಕಾಯಿಲೆ ಬಂತು. ಬರದೆ ಇನ್ನೇನು?

ಗುಳಿಗೆ ನುಂಗಿದ ಮೇಲೆ ತಡಮಾಡದೆ ಉಣ್ಣಬೇಕು, ಇಲ್ಲವಾದರೆ ರಕ್ತದ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ, ಆಗ ಸಕ್ಕರೆಯನ್ನೇ ತಿನ್ನಿಸಬೇಕು ಎಂದು ಡಾಕ್ಟರು ಹೇಳಿದ್ದರು. ಶಿವರಾಯ ತಲೆಯಾಡಿಸಿದ್ದ. ಆದರೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವನು ಬೆಳಗಿನ ತುತ್ತು ಮುಟ್ಟುವವನಲ್ಲ. ದೀಕ್ಷೆಯಾದಂದಿನಿಂದ ಒಮ್ಮೆಯೂ ಈ ನೇಮ ತಪ್ಪಿರಲಿಲ್ಲ. ಗುಳಿಗೆ ಗಡಿಯಾರ ನೋಡಿ, ಊಟ ಪೂಜೆ ನೋಡಿ. ನಡುವೆ ಎಷ್ಟು ಹೊತ್ತು ಹೋಗುತ್ತದೆಂದು ಆ ಪುಣ್ಯಾತ್ಮ ಯೋಚಿಸಿರಲೇ ಇಲ್ಲ.

ಅಂದು ಬೆಳಗ್ಗೆಯೂ ಮಿಲ್ಲಿನಲ್ಲೇ ಗುಳಿಗೆ ನುಂಗಿ ಮನೆಗೆ ಬಂದ. ಹೆಂಡತಿ ಮಂಗಲಾ ಡಬ್ಬಿ ಬಿಚ್ಚಿದರೆ ಕಟ್ಟಿಕೊಟ್ಟ ರೊಟ್ಟಿ ಹಾಗೇ ಇತ್ತು. ಅಷ್ಟರಲ್ಲಿ ಅವನು ಮಿಂದು, ವಿಭೂತಿ ಧರಿಸಿ ಪೂಜೆಗೆ ಕುಳಿತಾಗಿತ್ತು. ಪೂಜೆಗೆ ಕೂತವರನ್ನು ಮಾತಾಡಿಸುವ ರೂಢಿ ಆ ಮನೆಯಲ್ಲಿಲ್ಲ.

ರಾತ್ರಿ ಪಾಳಿಯ ವಾರ ಅವನು ಕೂತಲ್ಲೇ ತೂಕಡಿಸುವುದಿತ್ತು. ಇವತ್ತು ತಲೆ ಬಾಗಿದಾಗಲೂ ಅಷ್ಟೇ ಅಂದುಕೊಂಡಳು ಮಂಗಲಾ. ಆದರೆ ತೂಕಡಿಸುವವನ ಮೈ ಹೀಗೆ ಬೆವರುತ್ತದೆಯೇ? ವಿಭೂತಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಅಂಗೈ ಥರಥರ ನಡುಗಿ ವಾಲತೊಡಗಿತು. ರೂಢಿ ಗೀಢಿ ಎಲ್ಲ ಬಿಟ್ಟು ಓಡಿಬಂದು, ಜಾರುತ್ತಿದ್ದ ಲಿಂಗವನ್ನು ಹಿಡಿದಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡೇ ಒಳಗೆ ಹೋಗಿ ಸಕ್ಕರೆ ತಂದಳು.

"ರೀ, ಬಾಯಿ ತೆರೀರಿ!"

"ಪೂಜಾ... ಮುಗದಿಲ್ಲ," ಎಂದು ತೊದಲಿ ಹಲ್ಲು ಕಚ್ಚಿದ. ಕಣ್ಣಿಗೆ ಅವಳು ಕಾಣುತ್ತಿರಲಿಲ್ಲ.

"ಅದು ಆಮ್ಯಾಲ ಮುಗೀತದ. ನಿಮಗೇ ಏನರೆ ಆದ್ರ ಪೂಜಾ ಮಾಡಾವ್ರು ಯಾರ್ರೀ?"

ಬಾಯಿ ತೆರೆಯಲಿಲ್ಲ. ಬೈಯುತ್ತ, ಅಳುತ್ತ, ತುಟಿ ಸರಿಸಿ ವಸಡಿಗೆ ಸಕ್ಕರೆ ತಿಕ್ಕಿದಳು. ಮತ್ತೆ ತಿಕ್ಕಿದಳು. ಕೊನೆಗೊಮ್ಮೆ ಗಂಟಲು ಅಲುಗಿತು.

ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾದವನು ಮೊದಲು ಮಾಡಿದ್ದು ಕೈ ಚಾಚಿದ್ದು.

"ಲಿಂಗ ಕೊಡು. ಮತ್ತ ಮೊದಲಿಂದ ಕೂಡ್ತೀನಿ."

"ಮೊದಲ ಉಣ್ರಿ. ಅಲ್ಲೀತನಕ ಕೊಡಾಂಗಿಲ್ಲ."

"ಮಂಗಲಾ, ಇವತ್ತಿನತನಕ ನಾ ಎಂದೂ..."

"ಗೊತ್ತದ ನನಗ. ಉಣ್ರಿ."

ಗಂಡನ ಲಿಂಗವನ್ನು ಎದೆಗವಚಿಕೊಂಡು ಕುಳಿತವಳ ಕೈ ಈಗ ಅವನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಶಿವರಾಯ ಅದನ್ನೇ ನೋಡುತ್ತ ಕೂತ. ಆಮೇಲೆ ಅವಳು ತಂದಿಟ್ಟಿದ್ದ ತಾಟು ಎಳೆದುಕೊಂಡು, ಅಳುತ್ತ ರೊಟ್ಟಿ ಮುರಿದ.