ಬಿಳಿ ನೆಲ ಕುಸಿದಾಗ

ಸೌದಿಯ ದಹ್ರಾನ್ ಸಮೀಪದ ಕಡಲತೀರದಲ್ಲಿ ನನ್ನ ಹೆಂಡತಿ ಝೊಹರಾ ನೋಡನೋಡುತ್ತಿದ್ದಂತೆ ತೊಡೆಯವರೆಗೆ ಕೆಸರಿನಲ್ಲಿ ಹೂತುಹೋದಳು. ನಮ್ಮ ಮಲ್ಪೆಯಲ್ಲಿ ನೀರಂಚಿನ ಮರಳೇ ಗಟ್ಟಿ. ಅದೇ ಧೈರ್ಯದಲ್ಲಿ, ವಾರದ ರಜೆ ಕಳೆಯಲು ಬಂದ ನಾವು ಉಪ್ಪುಗಟ್ಟಿದ ಬಿಳಿ ನೆಲದ ಮೇಲೆ ನಡೆದಿದ್ದೆವು. ಹೆಣಗಿದಷ್ಟೂ ಅವಳು ಇಳಿಯುತ್ತಿದ್ದಳು. ಭರತದ ನೀರು ಏರುತ್ತಾ ಹತ್ತಿರವಾಗುತ್ತಿತ್ತು. ನಾನು ಅವಳತ್ತ ನುಗ್ಗಿದೆ.

“ನಿಲ್ಲು ಮಾರಾಯ! ನೀನೂ ಹೂತರೆ ಎಳೆಯುವವರು ಯಾರು?” ದಡದಲ್ಲಿ ಊಟಕ್ಕೆ ಕುಳಿತಿದ್ದ ಭಟ್ಕಳದ ಹಿರಿಯರೊಬ್ಬರು ಕೂಗುತ್ತಾ ತಮ್ಮ ಚಾಪೆಯನ್ನೇ ತಂದು ಹಾಸಿದರು. “ಮಗಳೇ, ಹಿಂದಕ್ಕೆ ಮಲಗು. ಹಾಸಿಗೆ ಅಂತ ತಿಳ್ಕೋ.”

ಅವಳು ಅಳುತ್ತಲೇ ಮಲಗಿದಳು. ನಾನು ಚಾಪೆಯ ಮೇಲೆ ಬೋರಲಾಗಿ ಅವಳ ತೋಳು ಎಳೆದೆ. ಅವರು ನನ್ನ ಕಾಲು ಹಿಡಿದಿದ್ದರು. ಕೆಸರು ಅವಳನ್ನು ನಿಧಾನವಾಗಿ ಬಿಟ್ಟುಕೊಟ್ಟಿತು.

ಈಗ ಮನೆಯ ಟೈಲ್ಸ್ ಮೇಲೂ ಅವಳು ಒಂದು ಪಾದವಿಟ್ಟು, ತುಸು ಕಾದು, ಇನ್ನೊಂದನ್ನು ಎತ್ತುತ್ತಾಳೆ. ಆ ಎರಡನೆಯ ಹೆಜ್ಜೆ ಇಡುವವರೆಗೆ ನನಗೂ ಉಸಿರು ಬರುವುದಿಲ್ಲ.